ಲೇಖಕಿಯ ತಪ್ಪು

ಬರೋಡಾ
12 ಜುಲೈ 1963

ಭಾವನವರಿಗೆ ನಮಸ್ಕಾರಗಳು.

ಅಕ್ಕನ ಗಂಡನಿಗೆ ಬರೆಯಲೋ ಪತ್ರಿಕೆಯ ಸಂಪಾದಕರಿಗೆ ಬರೆಯಲೋ ಎಂದು ತೀರ್ಮಾನವಾಗದೆ ಎರಡು ಇನ್‌ಲ್ಯಾಂಡ್ ಹಾಳಾದವು. ಕೊನೆಗೆ ಭಾವನವರೇ ಗೆದ್ದಿರಿ. ಹಗಲೆಲ್ಲ ಅಹಮದಾಬಾದಿನ ಸರ್ಕಾರಿ ಪ್ರಯೋಗಾಲಯದಲ್ಲಿ ದುಡಿದು, ಸಂಜೆ ಬಿಟ್ಟಿಯಾಗಿ ರಸಾಯನ ಸಂಘದ ತ್ರೈಮಾಸಿಕವನ್ನು ತಿದ್ದುವ ಮನುಷ್ಯನನ್ನು ಮನೆಯವರೂ ‘ಸಂಪಾದಕರೇ’ ಎಂದರೆ ಚೆನ್ನಾಗಿರುವುದಿಲ್ಲ.

ಬೇರೆ ಲಕೋಟೆಯಲ್ಲಿ ನನ್ನ ಮೊದಲ ಪ್ರಬಂಧ ಬರುತ್ತಿದೆ. ಸೂರತ್ತಿನ ಉಧ್ನಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿವೆಯಲ್ಲ, ಅವುಗಳ ಸುತ್ತಲಿನ ಬಾವಿಗಳ ನೀರಿನಲ್ಲಿ ಕ್ರೋಮಿಯಂ ಎಷ್ಟಿದೆ ಎಂದು ಅಳೆದಿದ್ದೇನೆ. ಕಾರ್ಖಾನೆಗೆ ಅಂಟಿಕೊಂಡ ಬಾವಿಗಿಂತ ದೂರದ ಬಾವಿಯ ನೀರೇ ಹೆಚ್ಚು ಕೆಟ್ಟಿದೆ! ಮೊದಲು ನನ್ನ ಕೈಯೇ ತಪ್ಪಿತೆಂದುಕೊಂಡೆ. ಮತ್ತೆ ಅಳೆದೆ, ಅದೇ ಉತ್ತರ. ಅಲ್ಲೊಂದು ಹಳೆಯ ತೊರೆ ಮುಚ್ಚಿಹೋಗಿದೆ. ಕಾರ್ಖಾನೆಯ ಕೊಳೆನೀರು ಅದರ ಮರಳಿನೊಳಗೇ ಹರಿದು ದೂರ ಹೋಗಿ ಏಳುತ್ತದೆ. ಇದನ್ನು ಇದುವರೆಗೆ ಯಾರೂ ಹೇಳಿಲ್ಲ ಭಾವ. ತುಮಕೂರಿನಿಂದ ಬಂದು ಇನ್ನೂ ವರ್ಷ ತುಂಬದ ನಾನು ಹೇಳುತ್ತಿದ್ದೇನೆ.

ರೂಢಿಯಂತೆ ನನ್ನ ಮಾರ್ಗದರ್ಶಕರಾದ ಮಜಮುದಾರ್ ಸಾಹೇಬರ ಹೆಸರು ಮೊದಲು, ನನ್ನದು ಆಮೇಲೆ. ಅವರು ಪ್ರಬಂಧವನ್ನು ಕೈಯಲ್ಲಿ ಹಿಡಿದು ತೂಕ ನೋಡಿ “ಬಹು ಸಾರುಂ” ಎಂದು ರುಜು ಹಾಕಿದರು. ಬಹಳ ಚೆನ್ನಾಗಿದೆ ಎಂದರ್ಥವಂತೆ. ಬಿಚ್ಚಿ ನೋಡಲಿಲ್ಲ.

ಇದು ಅಚ್ಚಾದರೆ ನನ್ನ ಪಿಎಚ್.ಡಿ.ಗೆ ಬುನಾದಿ ಬಿದ್ದಂತೆ. ಆಗದಿದ್ದರೆ ಅಪ್ಪನಿಗೆ ಕೊಟ್ಟ ಮಾತಿನಂತೆ ಊರಿಗೆ ಹೋಗಿ, ತಲೆ ಬಗ್ಗಿಸಿಕೊಂಡು, ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡಬೇಕು.

ಇಲ್ಲಿ ಹಾಸ್ಟೆಲಿನಲ್ಲಿ ಬೇಳೆಗೆ ಬೆಲ್ಲ ಹಾಕುತ್ತಾರೆ. ಅಕ್ಕನಿಗೆ ಹೇಳಿ, ಹುಳಿಪುಡಿ ಮುಗಿದಿದೆ.

ನಿಮ್ಮ ನಾದಿನಿ
ಕಮಲಾಕ್ಷಿ


ಅಹಮದಾಬಾದು
20 ಜುಲೈ 1963

ಚಿ. ಕಮಲಾಕ್ಷಿಗೆ ಆಶೀರ್ವಾದ.

ಪ್ರಬಂಧ ತಲುಪಿತು. ಮೊದಲ ಪುಟ ಬಿಟ್ಟು ಮುಂದೆ ಓದಿಲ್ಲ, ಬೇಕೆಂದೇ ಓದಿಲ್ಲ. ಸಂಬಂಧವನ್ನು ಚಪ್ಪಲಿಯಂತೆ ಪತ್ರಿಕೆಯ ಬಾಗಿಲಲ್ಲೇ ಬಿಡಬೇಕು. ಲೇಖಕಿ ನನ್ನ ಹೆಂಡತಿಯ ತಂಗಿ, ಈ ಪ್ರಬಂಧದ ತೀರ್ಮಾನದಲ್ಲಿ ನನ್ನ ಕೈ ಇರುವುದಿಲ್ಲ ಎಂದು ಸಮಿತಿಗೆ ಬರವಣಿಗೆಯಲ್ಲೇ ತಿಳಿಸಿದ್ದೇನೆ. ಈ ವಿಷಯ ಬಲ್ಲ ಒಬ್ಬ ರೆಫರಿಗೆ, ಅಂದರೆ ಪರಿಶೀಲಕರಿಗೆ, ಕಳಿಸಿ, “ಸಂಪಾದಕನ ನೆಂಟಳೆಂದು ಸಡಿಲ ಬಿಡಬೇಡಿ, ಬಿಗಿಯಾಗಿಯೇ ನೋಡಿ” ಎಂದೂ ಬರೆದೆ. ಅದನ್ನು ಕೇಳಿ ನಿನ್ನ ಅಕ್ಕ “ಇದೆಂಥಾ ಹರಿಶ್ಚಂದ್ರತನಾರೀ ನಿಮ್ದು” ಎಂದು ಗೊಣಗಿದಳು.

ರೆಫರಿ ಯಾರೆಂದು ಕೇಳಬೇಡ. ಅದು ಎಲ್ಲ ಪತ್ರಿಕೆಗಳಲ್ಲೂ ಗುಟ್ಟು. ಯಾರ ಹಂಗೂ ಇಲ್ಲದೆ ನಿಜ ಹೇಳಲಿ ಎಂದೇ ಆ ಗುಟ್ಟು. ತಾಳ್ಮೆಯಿರಲಿ. ಹುಳಿಪುಡಿ ನಾಳೆ ಪಾರ್ಸಲಿನಲ್ಲಿ ಹೊರಡುತ್ತದೆ.

ವಾಸುದೇವ


ಬರೋಡಾ
3 ಡಿಸೆಂಬರ್ 1963

ಭಾವನವರಿಗೆ,

ದೀಪಾವಳಿ ಬಂದು ಹೋಯಿತು. ಗುಜರಾತಿಗಳ ಹೊಸ ವರ್ಷವೂ ಹಳತಾಗುತ್ತ ಬಂತು. ನಿಮ್ಮ ರೆಫರಿ ಇನ್ನೂ ಓದುತ್ತಿದ್ದಾರೆಯೇ? ನಾನು ಕಂಡ ರೆಫರಿಗಳೆಲ್ಲ ಫುಟ್‌ಬಾಲಿನವರು, ಸೀಟಿ ಊದಿ ತಕ್ಷಣ ಹೇಳಿಬಿಡುತ್ತಾರೆ. ಇವರ ಸೀಟಿ ಕಳೆದುಹೋಗಿದೆಯೇ?

ಅಪ್ಪನ ಕಾಗದ ಬಂದಿದೆ. ಮೈಸೂರಿನ ಒಬ್ಬ ಲೆಕ್ಚರರ್ ಜಾತಕ ಕೇಳಿದ್ದಾರಂತೆ. ಪ್ರಬಂಧ ಬರುತ್ತದೆ, ಇನ್ನೊಂದು ತಿಂಗಳು ತಡೆಯಿರಿ ಎಂದು ಬರೆದಿದ್ದೇನೆ. ಹೋದ ತಿಂಗಳೂ ಹೀಗೇ ಬರೆದಿದ್ದೆ.

ಒಂದು ಜ್ಞಾಪನೆಯ ಪತ್ರ ಹಾಕಿದರೆ ನಿಮ್ಮ ಸತ್ಯಕ್ಕೆ ಭಂಗವಾಗುತ್ತದೆಯೇ?

ಕಮಲಾಕ್ಷಿ


ಅಹಮದಾಬಾದು
28 ಜನವರಿ 1964

ಚಿ. ಕಮಲಾಕ್ಷಿಗೆ ಆಶೀರ್ವಾದ.

ರೆಫರಿಯ ಅಭಿಪ್ರಾಯ ಬಂದಿದೆ. ಮನಸ್ಸು ಗಟ್ಟಿ ಮಾಡಿಕೊಂಡು ಓದು. “ದೂರದ ಬಾವಿಯಲ್ಲಿ ಹೆಚ್ಚು ಕ್ರೋಮಿಯಂ ಇರುವುದು ಅಸಂಭವ. ಲೇಖಕಿ ಅನನುಭವಿ. ಅಂಕಿಗಳನ್ನು ನಂಬುವಂತಿಲ್ಲ. ಪ್ರಕಟಣೆಗೆ ಯೋಗ್ಯವಲ್ಲ.” ಇಷ್ಟೇ ಇದೆ. ಸಮಿತಿ ಇದನ್ನು ಒಪ್ಪಿ ಪ್ರಬಂಧವನ್ನು ಹಿಂದಿರುಗಿಸಿದೆ.

ನಾನು ಮಾತಾಡುವಂತಿರಲಿಲ್ಲ, ಹೊರಗೆ ಕುಳಿತಿದ್ದೆ. ಬೇರೆ ಪತ್ರಿಕೆಗೆ ಕಳಿಸು, ಎದೆಗುಂದಬೇಡ. ಅಕ್ಕ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ವಾಸುದೇವ


ಬರೋಡಾ
4 ಫೆಬ್ರವರಿ 1964

ಭಾವನವರಿಗೆ,

ಅಸಂಭವವಂತೆ! ಒಂದು ಸಲ ಉಧ್ನಾಕ್ಕೆ ಹೋಗಿ ಬಾವಿಗೆ ಕೊಡ ಇಳಿಸಿದ್ದರೆ ಸಂಭವವೋ ಅಸಂಭವವೋ ತಿಳಿಯುತ್ತಿತ್ತು. ಆರು ತಿಂಗಳು ಇಟ್ಟುಕೊಂಡು ನಾಲ್ಕು ಸಾಲು ಬರೆದಿದ್ದಾರೆ.

ನಿಮ್ಮ ಗುಟ್ಟು ನಿಮ್ಮಲ್ಲೇ ಇರಲಿ, ಅದು ಯಾರೆಂದು ನನಗೆ ಗೊತ್ತಾಗಿದೆ. ಇದು ನಮ್ಮ ವಿಭಾಗದ ಮೇಲಿನ ಮಹಡಿಯ ಪ್ರೊಫೆಸರ್ ತ್ರಿವೇದಿಯವರದೇ ಕೆಲಸ. ನನ್ನನ್ನು ‘ಮದ್ರಾಸಿ ಬೇನ್’, ಅಂದರೆ ಮದ್ರಾಸಿ ಅಕ್ಕ, ಎಂದೇ ಕರೆಯುತ್ತಾರೆ. ಮಜಮುದಾರರಿಗೂ ಅವರಿಗೂ ಎಣ್ಣೆ ಸೀಗೇಕಾಯಿ. ನಿನ್ನೆಯಿಂದ ಅವರು ಎದುರಾದರೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದೇನೆ.

ಒಂದು ಉಪಕಾರ ಮಾಡಿ. ನಿಮ್ಮ ಮನೆಗೆ ಗಣೇಶನ ಹಬ್ಬಕ್ಕೆ ಬಂದಿದ್ದರಲ್ಲ, ಮಂಡ್ಯದ ಕಡೆಯ ಡಾಕ್ಟರ್ ಕೇಶವಮೂರ್ತಿಗಳು, ಅವರಿಗೆ ಒಮ್ಮೆ ನನ್ನ ಪ್ರಬಂಧ ತೋರಿಸಿ. ಅಂದು ಕಡುಬು ತಿನ್ನುತ್ತ ನನ್ನ ಬಾವಿಗಳ ಬಗ್ಗೆ ಎಷ್ಟು ಆಸಕ್ತಿಯಿಂದ ಕೇಳಿದರು! ಅಹಮದಾಬಾದಿಗೆ ಬಂದು ಹನ್ನೆರಡು ವರ್ಷವಾದರೂ ಗುಜರಾತಿಯ ಒಂದು ಮಾತೂ ಕಲಿತಿಲ್ಲ, ಮನೆಯಲ್ಲಿ ಕನ್ನಡ, ಲ್ಯಾಬಿನಲ್ಲಿ ಇಂಗ್ಲಿಷ್ ಎಂದು ಹೆಮ್ಮೆಯಿಂದ ಹೇಳಿ ಎಲ್ಲರನ್ನೂ ನಗಿಸಿದ್ದರು. ನಮ್ಮವರಾದರೆ ನಮ್ಮವರ ಕಷ್ಟ ತಿಳಿಯುತ್ತದೆ.

ಕಮಲಾಕ್ಷಿ


ಅಹಮದಾಬಾದು
2 ಮಾರ್ಚ್ 1964

ಚಿ. ಕಮಲಾಕ್ಷಿಗೆ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರಿಸಲಾಗಲಿಲ್ಲ. ತ್ರಿವೇದಿಯವರಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಬೇಡ. ಏಕೆಂದು ಕೇಳಬೇಡ.

ಕೇಶವಮೂರ್ತಿಯವರಿಗೆ ತೋರಿಸುವ ಮಾತು ಬಿಡು, ಅವರಿಗೆ ಪುರಸೊತ್ತಿಲ್ಲ. ಅವರು ಸಂಘದ ಉಪಾಧ್ಯಕ್ಷರು. ಈ ಸಲದ ವಾರ್ಷಿಕ ವಿಶೇಷ ಸಂಚಿಕೆಯ ಹೊಣೆ ಪೂರ್ತಿ ಅವರದು. ಆ ಸಂಚಿಕೆ ನನ್ನ ಕೈಗೆ ಬರುವುದು ಅಚ್ಚಾದ ಮೇಲೆಯೇ.

ಆರೋಗ್ಯ ನೋಡಿಕೋ.

ವಾಸುದೇವ


ಸೂರತ್
16 ಸೆಪ್ಟೆಂಬರ್ 1964

ಭಾವ,

ಉಧ್ನಾದ ನೀರನ್ನು ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸೋಣವೆಂದು ಸೂರತ್ತಿಗೆ ಬಂದಿದ್ದೇನೆ. ಬ್ಯಾಂಕಿನ ವರ್ಗಾವಣೆಯಲ್ಲಿ ಇಲ್ಲಿಗೆ ಬಂದಿರುವ ನಮ್ಮೂರಿನ ಶಾಂತಾ ಅವರ ಮನೆಯಲ್ಲಿ ಇಳಿದಿದ್ದೇನೆ. ಇವತ್ತು ಇಲ್ಲಿಯ ಕಾಲೇಜಿನ ಲೈಬ್ರರಿಯಲ್ಲಿ ನಿಮ್ಮ ವಿಶೇಷ ಸಂಚಿಕೆ ಕಂಡಿತು. ಜೂನ್ ತಿಂಗಳದು.

ಅದರಲ್ಲಿ ನನ್ನ ಬಾವಿಗಳಿವೆ. ನನ್ನ ತೊರೆ ಇದೆ. ನನ್ನ ಪಟ್ಟಿ, ದಶಾಂಶದ ಬಿಂದುವಿನ ಆಚೆಯ ಅಂಕಿಯವರೆಗೂ, ಇದೆ. ಮೇಲೆ ಒಂದೇ ಹೆಸರು: ಡಾ. ಕೇಶವಮೂರ್ತಿ.

ರೆಫರಿ ಯಾರೆಂದು ಇನ್ನು ನೀವು ಹೇಳಬೇಕಾಗಿಲ್ಲ. ಸೀಟಿ ಊದಬೇಕಾದವನೇ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಗೋಲಿಗೆ ಓಡಿದ್ದಾನೆ. ಹಬ್ಬದ ದಿನ ನನ್ನ ಬಾಯಿಂದ ಒಂದೊಂದಾಗಿ ಕೇಳಿದಾಗ ನನ್ನ ಪ್ರಬಂಧ ಅವರ ಮನೆಯ ಮೇಜಿನ ಮೇಲಿತ್ತು, ಅಲ್ಲವೇ? ನಾನೋ, ಪಾಪದ ತ್ರಿವೇದಿಯವರನ್ನು ಏಳು ತಿಂಗಳಿಂದ ಮನಸ್ಸಿನಲ್ಲೇ ಬೈಯುತ್ತಿದ್ದೆ. ಅವರು ಗುಜರಾತಿ, ಇವರು ನಮ್ಮವರು. ನಮ್ಮವರಂತೆ, ನಮ್ಮವರು!

ನೀವು ಜೂನಿನಲ್ಲೇ ನೋಡಿದ್ದೀರಿ. ನನಗೆ ತಿಳಿಸಲಿಲ್ಲ. ಅದನ್ನು ಆಮೇಲೆ ಕೇಳುತ್ತೇನೆ.

ಮೊದಲು ಒಂದು ಮಾತು. ಆ ಪಟ್ಟಿಯನ್ನು ನಾಲ್ಕನೆಯ ಸಲ ಓದುವಾಗ ಸಿಕ್ಕಾಪಟ್ಟೆ ನಗು ಬಂತು. ಶಾಂತಾ ಹೆದರಿ ನೀರು ತಂದುಕೊಟ್ಟರು. ಎಲ್ಲಕ್ಕಿಂತ ಕೆಟ್ಟ ನೀರಿನ, ದೂರದ ಆ ಬಾವಿಯ ಹೆಸರು ಪಟ್ಟಿಯಲ್ಲಿ ಏನೆಂದಿದೆ ನೋಡಿ. ‘ಖಬರ್‌ನಥೀ ಬಾವಿ’ ಎಂದಿದೆ. ಆ ಹೆಸರಿಟ್ಟವಳು ನಾನು. ಆಗ ಗುಜರಾತಿಗೆ ಬಂದು ಮೂರು ವಾರವಾಗಿತ್ತು, ನೀರು ಸೇದುತ್ತಿದ್ದ ಹೆಂಗಸನ್ನು ಹರಕು ಹಿಂದಿಯಲ್ಲಿ ಬಾವಿಯ ಹೆಸರೇನೆಂದು ಕೇಳಿದೆ. ಆಕೆ “ಖಬರ್ ನಥೀ, ಬೇನ್” ಎಂದಳು. ಬಾಟಲಿಯ ಮೇಲೆ ಹಾಗೇ ಬರೆದುಕೊಂಡೆ, ಪಟ್ಟಿಗೂ ಹಾಗೇ ಇಳಿಸಿದೆ. ಈಗ ತರಕಾರಿಯವಳ ಜೊತೆ ಜಗಳ ಕಾಯುವಷ್ಟು ಗುಜರಾತಿ ಬರುತ್ತದೆ. ಆಕೆ ಹೇಳಿದ್ದು ಹೆಸರಲ್ಲ ಭಾವ. ‘ಗೊತ್ತಿಲ್ಲಮ್ಮ’ ಎಂದಿದ್ದಳು.

ಗುಜರಾತಿ ಬಲ್ಲ ಕಳ್ಳನಾಗಿದ್ದರೆ ಅದನ್ನು ಅಳಿಸುತ್ತಿದ್ದ. ಈ ಪುರಾವೆಯನ್ನು ಸಮಿತಿಯ ಮುಂದಿಡಿ. ನನ್ನ ಹೆಸರು ನನಗೆ ಕೊಡಿಸಿ.

ಕಮಲಾಕ್ಷಿ


ಅಹಮದಾಬಾದು
11 ಅಕ್ಟೋಬರ್ 1964

ಚಿ. ಕಮಲಾಕ್ಷಿಗೆ,

ಇದು ಈ ವಿಷಯದಲ್ಲಿ ನನ್ನ ಕೊನೆಯ ಕಾಗದ. ಏಕೆಂದು ಮುಂದೆ ಹೇಳುತ್ತೇನೆ.

ಸಂಚಿಕೆಯನ್ನು ಜೂನಿನಲ್ಲೇ ನೋಡಿದ್ದು ನಿಜ. ನೋಡಿದ ದಿನವೇ ಅಧ್ಯಕ್ಷರಿಗೆ ಬರೆದೆ. ಸಭೆ ಕರೆಯಲು ಅವರು ಮೊನ್ನೆಯವರೆಗೆ ತೆಗೆದುಕೊಂಡರು. ಏನಾದರೂ ಒಳ್ಳೆಯ ಸುದ್ದಿ ಆದಮೇಲೆ ನಿನಗೆ ಬರೆಯೋಣವೆಂದಿದ್ದೆ.

ಸಭೆಯಲ್ಲಿ ಆ ಪದವನ್ನು ಗಟ್ಟಿಯಾಗಿ ಓದಿದೆ. ಗುಜರಾತಿ ಸದಸ್ಯರು ಮೇಜು ಬಡಿದು ನಕ್ಕರು. ಏಕೆ ನಗುತ್ತಿದ್ದಾರೆಂದು ಕೇಶವಮೂರ್ತಿಯವರೊಬ್ಬರಿಗೇ ತಿಳಿಯಲಿಲ್ಲ, ಪಕ್ಕದವರು ಅರ್ಥ ಹೇಳಬೇಕಾಯಿತು. ಅವರ ಮುಖ ಬಿಳುಪಾಯಿತು. ಇನ್ನೇನು ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಅವರು ಸಾವರಿಸಿಕೊಂಡು, “ನಾನೂ ಉಧ್ನಾಕ್ಕೆ ಹೋಗಿದ್ದೆ. ನನಗೂ ಅದೇ ಹೆಂಗಸು ಸಿಕ್ಕಿರಬೇಕು” ಎಂದರು. ನಗುತ್ತಿದ್ದವರೆಲ್ಲ ಎದುರಿನ ಕಾಗದ ತಿರುವತೊಡಗಿದರು. ಆ ಸಂಚಿಕೆಯ ಪ್ರೂಫು ನೋಡಿದ್ದೇವೆಂದು ರುಜು ಹಾಕಿದವರು ಅಲ್ಲೇ ಕುಳಿತಿದ್ದರು. ಓದಿದ್ದರೆ ಅಂದೇ ನಗಬೇಕಿತ್ತಲ್ಲ?

ನಿನ್ನ ಪ್ರಬಂಧ ಬಂದ ತಾರೀಖು ತೋರಿಸಿದೆ. ಅದಕ್ಕೂ ಮೊದಲೇ ನೀರು ತಂದಿದ್ದೆ ಎಂದರು. ರೆಫರಿ ಯಾರೆಂಬುದನ್ನು ಸಮಿತಿಗೆ ಹೇಳಿದೆ, ನಿನಗೆ ಈಗಲೂ ಹೇಳುವಂತಿಲ್ಲ. ಕೊನೆಗೆ ಅಧ್ಯಕ್ಷರು, ನಾನು ಲೇಖಕಿಯ ಭಾವನಾದ್ದರಿಂದ ನನ್ನ ಮಾತನ್ನು ಗಣನೆಗೆ ತೆಗೆದುಕೊಳ್ಳಲಾಗದು, ಪ್ರೊಫೆಸರ್ ಮಜಮುದಾರರು ಬರೆದುಕೊಟ್ಟರೆ ನೋಡೋಣ, ಅಲ್ಲಿಯವರೆಗೆ ಸಂಪಾದಕರು ಈ ಕುರಿತು ಲೇಖಕಿಗೆ ಸಲಹೆ ಕೊಡಕೂಡದು ಎಂದರು. ನೆಂಟಸ್ತಿಕೆಯನ್ನು ನಾನೇ ಹೇಳಿದ್ದೆ. ಅದೇ ಹಗ್ಗದಲ್ಲಿ ನನ್ನ ಕೈ ಕಟ್ಟಿದರು.

ಹೊರಗೆ ಬಂದಾಗ ಕೇಶವಮೂರ್ತಿ ಹೆಗಲ ಮೇಲೆ ಕೈ ಹಾಕಿದರು. “ಏನ್ರೀ ವಾಸುದೇವ್, ಹೊರಗಿನೋರ ಮುಂದೆ ನಮ್ಮ ನಮ್ಮಲ್ಲೇ ಯಾಕ್ರೀ ಇದೆಲ್ಲಾ? ನಂಗೆ ಈ ವರ್ಷ ಲ್ಯಾಬಿನ ಡೈರೆಕ್ಟರ್ ಆಗೋ ಯೋಗ ಇದೆ. ಆ ಹುಡುಗಿಗೇನು, ಇವತ್ತಲ್ಲ ನಾಳೆ ಮದುವೆಯಾಗಿ ಹೋಗುತ್ತೆ.” ನಾನು ಅವರ ಕೈ ತೆಗೆದೆ. ಅಷ್ಟೇ ಮಾಡಿದ್ದು, ಅದಕ್ಕಿಂತ ಹೆಚ್ಚು ಮಾಡಲಾಗಲಿಲ್ಲವೆಂದು ಇವತ್ತಿಗೂ ಮೈ ಉರಿಯುತ್ತಿದೆ.

ನಮ್ಮ ಪತ್ರಿಕೆಯ ಹನ್ನೊಂದನೆಯ ನಿಯಮವನ್ನು ಕೆಳಗೆ ಬರೆದಿದ್ದೇನೆ. ಇದನ್ನು ಕೇಳಿದ ಯಾರಿಗೂ ಕಳಿಸಬಹುದು, ಗುಟ್ಟಲ್ಲ.

“ಈ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧದಲ್ಲಿ ತನ್ನಿಂದಾದ ತಪ್ಪನ್ನು ಲೇಖಕನು ತಾನೇ ಒಪ್ಪಿ ಬರೆದಲ್ಲಿ, ಅಂಥ ಪತ್ರವನ್ನು ಸಮಿತಿಯ ಮುಂದಿಡದೆ, ಒಂದಕ್ಷರವನ್ನೂ ತಿದ್ದದೆ, ಸಂಪಾದಕನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸತಕ್ಕದ್ದು.”

ವಾಸುದೇವ


ಬರೋಡಾ
5 ನವೆಂಬರ್ 1964

ಮಾನ್ಯ ಸಂಪಾದಕರಿಗೆ,

ನಿಮ್ಮ ಹನ್ನೊಂದನೆಯ ನಿಯಮ ತಲುಪಿತು. ಧನ್ಯವಾದಗಳು. ಕದ್ದವನಿಗೆ ಡೈರೆಕ್ಟರ್ ಯೋಗ, ಕಳೆದುಕೊಂಡವಳಿಗೆ ತಪ್ಪೊಪ್ಪಿಗೆಯ ನಿಯಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಬಾವಿಯ ಹೆಸರು ತಪ್ಪಾಗಿ ಬರೆದಿದ್ದಕ್ಕೆ ನಾನು ಕ್ಷಮೆ ಕೇಳಬೇಕೇ?

ಮಜಮುದಾರ್ ಸಾಹೇಬರ ಬಳಿ ಹೋದೆ. ಪಟ್ಟಿ ತೋರಿಸಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಅರೆ ಬೇನ್, ಖಬರ್ ನಥೀ! ನೀನು ನನಗೆ ಯಾಕೆ ತೋರಿಸಲಿಲ್ಲ?” ಎಂದರು. ತೋರಿಸಿದ್ದೆ ಸಾಹೇಬರೇ, ನೀವು ರುಜು ಹಾಕಿದಿರಿ ಎಂದೆ. ನಗು ನಿಂತಿತು. ಕನ್ನಡಕ ಒರೆಸಿದರು. ಆಮೇಲೆ, “ನಾನು ಬರೆದುಕೊಟ್ಟರೆ ನಾನು ಓದಿರಲಿಲ್ಲವೆಂದಾಗುತ್ತದೆ. ಈ ತಪ್ಪಿನಲ್ಲಿ ನನ್ನನ್ನು ಸೇರಿಸಬೇಡ” ಎಂದರು. ಕೆಟ್ಟ ಮನುಷ್ಯರಲ್ಲ, ಹೊರಡುವಾಗ ಚಹಾ ಕುಡಿಸಿದರು.

ವಿಶ್ವವಿದ್ಯಾಲಯದವರು ನನ್ನ ಮಹಾಪ್ರಬಂಧದ ಮುಖ್ಯ ಅಧ್ಯಾಯ ಈಗಾಗಲೇ ಬೇರೊಬ್ಬರ ಹೆಸರಿನಲ್ಲಿ ಪ್ರಕಟವಾಗಿದೆ, ಹೊಸ ವಿಷಯ ಹುಡುಕಿ ಎಂದಿದ್ದಾರೆ. ಅಂದರೆ ಈಗ ಕಳ್ಳಿ ನಾನೇ.

ನೀವು ಅಂದು ಹರಿಶ್ಚಂದ್ರರಾಗದೆ ನಾಲ್ಕು ಜನರಂತೆ ನಾದಿನಿಯ ಪ್ರಬಂಧವನ್ನು ಸುಮ್ಮನೆ ಅಚ್ಚು ಹಾಕಿದ್ದರೆ ಏನಾಗುತ್ತಿತ್ತು? ಇದನ್ನು ಕೇಳಲು ನನಗೇ ನಾಚಿಕೆ. ಆದರೂ ಕೇಳುತ್ತಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಹೊರಡುತ್ತೇನೆ. ಆ ಲೆಕ್ಚರರ್ ಇನ್ನೂ ಕಾಯುತ್ತಿದ್ದಾರಂತೆ.

ಇತಿ
ಕುಮಾರಿ ಕಮಲಾಕ್ಷಿ


ಅಹಮದಾಬಾದು
14 ನವೆಂಬರ್ 1964

ಲೇ ಕಮಲೂ,

ನಿನ್ನ ಭಾವ ನಿಂಗೆ ಬರೆಯೋ ಹಾಗಿಲ್ಲ. ನಂಗೆ ಯಾವ ಸಮಿತಿಯೂ ಏನೂ ಹೇಳಿಲ್ಲ. ಅದಕ್ಕೇ ನಾನೇ ಕೂತು ಬರೀತಿದೀನಿ, ಕಾಗುಣಿತ ತಿದ್ದೋಕೆ ಬರಬೇಡ.

‘ಮಾನ್ಯ ಸಂಪಾದಕರಿಗೆ’ ಅಂತ ಬರೆದಿದ್ದೀಯಲ್ಲ, ಅದನ್ನ ಓದಿ ಅವರು ಊಟದ ಎಲೆ ಮುಂದಿಂದ ಎದ್ದುಹೋದ್ರು. ನಂಗೂ ಅವರ ಮೇಲೆ ಸಿಟ್ಟಿತ್ತು ಕಣೇ, ಸುಳ್ಳು ಹೇಳಲ್ಲ. ಆದ್ರೆ ಕದ್ದೋನು ಅವನು, ಬೈಸಿಕೊಳ್ಳೋರು ಇವರು, ಇದ್ಯಾವ ನ್ಯಾಯ?

ನೀನು ಎಂ.ಎಸ್ಸಿ.ಲಿ ಫಸ್ಟ್ ಕ್ಲಾಸು. ನಾನು ಎಸ್ಸೆಸ್ಸೆಲ್ಸಿ. ಆ ಹನ್ನೊಂದನೇ ನಿಯಮಾನ ನಿಧಾನವಾಗಿ ಓದೇ ಪೆದ್ದಿ. ತಪ್ಪನ್ನ ಒಪ್ಪಿ ಬರೆಯೋರು ಯಾರು ಅಂತಿದೆ? ಲೇಖಕ ಅಂತಿದೆ. ಕೇಶವಮೂರ್ತಿ ಅದು ನನ್ನ ತಪ್ಪು ಅಂತ ಯಾವತ್ತಾದ್ರೂ ಬರೀತಾನಾ? ಜನ್ಮದಲ್ಲಿ ಬರೆಯಲ್ಲ. ನೀನು ಬರೆದ್ರೆ ಅದನ್ನ ಸಮಿತಿಗೆ ತೋರಿಸದೆ ಅಚ್ಚು ಹಾಕ್ಲೇಬೇಕು. ಲೇಖಕ ಯಾರು ಅಂತ ಅಲ್ಲಿಗೆ ಇತ್ಯರ್ಥ ಆಯ್ತಲ್ಲ? ಇದನ್ನ ಅವರಾಗಿ ಬಾಯಿಬಿಟ್ಟು ಹೇಳಿದ್ರೆ ಭಾವನೇ ಬರೆಸಿದ ಅಂತಾರೆ. ಅದಕ್ಕೇ ಬರೀ ನಿಯಮ ಕಳಿಸಿ ಬಾಯಿ ಮುಚ್ಕೊಂಡು ಕೂತಿದ್ದಾರೆ. ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡ್ತಾರೆ. ನಂಗೂ ಅವರು ಹೇಳಲಿಲ್ಲ, ನಾನೇ ಆ ನಿಯಮದ ಪುಸ್ತಕ ತೆಗೆದು ಓದಿ ಕೇಳಿದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ನಿನ್ನ ಪತ್ರ ಅಚ್ಚಾದ ಮಾರನೇ ದಿನ ಇವರ ಸಂಪಾದಕಗಿರಿ ಹೋಗುತ್ತೆ. ಹೋದ್ರೆ ಹೋಗ್ಲಿ, ಭಾನುವಾರ ಮಾರ್ಕೆಟ್ಟಿಗೆ ಬ್ಯಾಗ್ ಹಿಡಿಯೋಕೆ ನಂಗೊಬ್ರು ಸಿಕ್ತಾರೆ. ಆದ್ರೆ ಒಂದು ಯೋಚನೆ ಮಾಡು. ನಿನ್ನ ಪೆದ್ದುತನ ಊರಿಗೆಲ್ಲ ತಿಳಿಯುತ್ತೆ. ಗುಜರಾತ್ ಪೂರ್ತಿ ನಗುತ್ತೆ. ತಡ್ಕೋತೀಯಾ?

ನಿನ್ನ ಅಕ್ಕ ಪದ್ಮಾ


ಬರೋಡಾ
2 ಡಿಸೆಂಬರ್ 1964

ಸಂಪಾದಕರಿಗೆ. ಹನ್ನೊಂದನೆಯ ನಿಯಮದ ಪ್ರಕಾರ ಪ್ರಕಟಣೆಗಾಗಿ.

ಮಾನ್ಯರೇ,

ನಿಮ್ಮ ಪತ್ರಿಕೆಯ ಜೂನ್ 1964ರ ವಿಶೇಷ ಸಂಚಿಕೆಯಲ್ಲಿ ಉಧ್ನಾದ ಬಾವಿಗಳ ಕ್ರೋಮಿಯಂ ಕುರಿತ ಪ್ರಬಂಧ ಅಚ್ಚಾಗಿದೆ. ಅದರ ಪಟ್ಟಿಯಲ್ಲಿ ‘ಖಬರ್‌ನಥೀ’ ಎಂಬ ಹೆಸರಿನ ಬಾವಿಯಿದೆ. ಅಂಥ ಬಾವಿ ಇಲ್ಲ. ನೀರು ತರಲು ಹೋದಾಗ ನನಗೆ ಗುಜರಾತಿ ಬರುತ್ತಿರಲಿಲ್ಲ. ಬಾವಿಯ ಹೆಸರು ಕೇಳಿದ್ದಕ್ಕೆ ಅಲ್ಲಿಯ ಹೆಂಗಸೊಬ್ಬರು ‘ಗೊತ್ತಿಲ್ಲ’ ಎಂದರು. ಆ ಮಾತನ್ನೇ ಹೆಸರೆಂದು ತಿಳಿದು ಬರೆದೆ. ಓದುಗರು ನಗಬಹುದು, ನಾನೂ ನಕ್ಕಿದ್ದೇನೆ.

ಹೋದ ವಾರ ಮತ್ತೆ ಹೋಗಿ ಗುಜರಾತಿಯಲ್ಲೇ ಕೇಳಿದೆ. ಬಾವಿಗೆ ಹೆಸರಿಲ್ಲ. ಅದು ಉಧ್ನಾ ನಿಲ್ದಾಣದ ದಕ್ಷಿಣಕ್ಕೆ, ಮುಚ್ಚಿಹೋದ ತೊರೆಯ ತಿರುವಿನಲ್ಲಿ, ಹುಣಸೆಮರದ ಪಕ್ಕದಲ್ಲಿದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ನೀರು ಅದರದು. ಸುತ್ತಲಿನ ಮನೆಯವರು ಈ ಹೊತ್ತಿಗೂ ಅದನ್ನೇ ಕುಡಿಯುತ್ತಿದ್ದಾರೆ. ಅದನ್ನು ಹುಡುಕಿ ಮುಚ್ಚಿಸಬೇಕೆಂದು ಬಯಸುವವರು ದಾರಿ ತೋರಿಸಲು ನನ್ನನ್ನು ಕರೆಯಲಿ. ಪ್ರಬಂಧದ ಮೇಲೆ ಹೆಸರು ಹಾಕಿಕೊಂಡಿರುವ ಡಾ. ಕೇಶವಮೂರ್ತಿಯವರು ದಾರಿ ತೋರಿಸಲಾರರು.

1963ರ ಜುಲೈನಲ್ಲಿ ಈ ಪ್ರಬಂಧವನ್ನು ನಿಮಗೆ ಕಳಿಸಿದಾಗ ಅದರ ಮೇಲೆ ಪ್ರೊಫೆಸರ್ ಮಜಮುದಾರರ ಹೆಸರೂ ಇತ್ತು. ಈ ತಪ್ಪಿನಲ್ಲಿ ತಮ್ಮನ್ನು ಸೇರಿಸಬಾರದೆಂದು ಅವರು ಕೇಳಿದ್ದಾರೆ. ಹಾಗೆಯೇ ಆಗಲಿ, ತಪ್ಪಿನಲ್ಲಿ ಪಾಲು ಬೇಡವೆಂದವರಿಗೆ ಪ್ರಬಂಧದಲ್ಲೂ ಪಾಲಿಲ್ಲ. ಡಾ. ಕೇಶವಮೂರ್ತಿಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಈ ತಪ್ಪು ತಮ್ಮದೆಂದು ಅವರು ಹೇಳುವುದಾದರೆ ಮುಂದಿನ ಸಂಚಿಕೆಯಲ್ಲಿ ರುಜು ಹಾಕಿ ಹೇಳಲಿ.

ಅವರು ಹೇಳುವವರೆಗೆ, ತಪ್ಪು ಪೂರ್ತಿಯಾಗಿ ನನ್ನದೇ.

ಕಮಲಾಕ್ಷಿ